ಅಂಟುಪಟ್ಟಿಯ ಒಳಮೈ

ಕೊಟ್ಟೂರಿನ ಆ ಖಾಸಗಿ ಶಾಲೆಯಲ್ಲಿ ಮೂಕರ್ಜಿಯನ್ನು ಮುಟ್ಟದ ಕೈ ಯಾವುದೂ ಉಳಿದಿರಲಿಲ್ಲ. ‘ಮೂರು ದಿನದೊಳಗೆ ಊರು ಬಿಡು, ಇಲ್ಲವಾದರೆ ಹೆಣವಾಗುತ್ತೀ’ ಎಂದು ಮುಖ್ಯೋಪಾಧ್ಯಾಯಿನಿ ಗಂಗಾಂಬಿಕಾ ಅವರ ಹೆಸರಿಗೆ ಬಂದಿದ್ದ, ಕಂಪ್ಯೂಟರಿನಲ್ಲಿ ಅಚ್ಚು ಹಾಕಿದ, ಸಹಿಯಿಲ್ಲದ ಪತ್ರ ಅದು. ಆಡಳಿತ ಮಂಡಳಿಯ ಅಧ್ಯಕ್ಷ ಪಾಲಾಕ್ಷಪ್ಪ ಅದನ್ನು ಲಕೋಟೆಯ ಸಮೇತ ತುಂಬಿದ ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿ, ಶಲ್ಯದಿಂದ ಕಣ್ಣೊರೆಸಿಕೊಂಡು, ಶಾಲಾ ಬಸ್ಸಿನ ಡ್ರೈವರ್ ಶೇಖಾವಲಿಯನ್ನು ಅಂದೇ ಕೆಲಸದಿಂದ ಬಿಡಿಸಿದ್ದರು. ಬಸ್ಸು ತಡವಾಯಿತೆಂದು ಗಂಗಾಂಬಿಕಾ ಅವನನ್ನು ಒಮ್ಮೆ ಬೈದಿದ್ದರಂತೆ. ಸಾಕ್ಷಿಗೆ ಅಷ್ಟೇ ಸಾಕಾಗಿತ್ತು.

ಬೆರಳಚ್ಚು ತಜ್ಞೆ ಅರ್ಚನಾ ಹೊಸಪೇಟೆಯಿಂದ ಬಂದಾಗ ಪಾಲಾಕ್ಷಪ್ಪ ತಾವೇ ಮುಂದಾಗಿ ಹತ್ತೂ ಬೆರಳಿಗೆ ಮಸಿ ಹಚ್ಚಿಸಿಕೊಂಡರು.

“ತಗೊಳ್ರಿ ಮೇಡಂ, ನಂದೇ ಮೊದ್ಲು! ಆದ್ರ ಇಷ್ಟೆಲ್ಲ ಯಾಕ ತಲಿ ಕೆಡಿಸ್ಕೊಂತೀರಿ? ಆ ಶೇಖಾವಲಿದ ಕೆಲ್ಸ ಇದು. ಊರಿಗೇ ಗೊತ್ತೈತಿ.”

‘ಊರಿಗೆ ಗೊತ್ತಿದ್ದರೆ ನನಗ್ಯಾಕೆ ಸಂಬಳ?’ ಎಂದುಕೊಂಡಳು ಅರ್ಚನಾ. ಇಂಥ ಸರ್ವಜ್ಞರನ್ನು ಅವಳು ತಾಲ್ಲೂಕಿಗೆ ನಾಲ್ಕು ಮಂದಿಯಂತೆ ಕಂಡಿದ್ದಳು.

ಪ್ರಯೋಗಾಲಯದಲ್ಲಿ ಪತ್ರಕ್ಕೆ ರಾಸಾಯನಿಕ ಸವರಿ ಬಿಸಿ ತಾಗಿಸಿದಳು. ಬೆವರು ಮೆತ್ತಿದಲ್ಲೆಲ್ಲ ನೇರಳೆ ಬಣ್ಣದ ಗುರುತುಗಳು ಒಂದರ ಮೇಲೊಂದು ಎದ್ದವು. ಇಡೀ ಸಭೆಯೇ ಹಾಳೆಯ ಮೇಲೆ ಕೂತಿತ್ತು. ಪ್ರಯೋಜನವಿಲ್ಲ. ಆದರೆ ಲಕೋಟೆಯ ಬಾಯಿಗೆ ಟೇಪು ಹಚ್ಚಿದ್ದರು. ಗಂಗಾಂಬಿಕಾ ಇನ್ನೊಂದು ತುದಿಯನ್ನು ಕತ್ತರಿಸಿ ಪತ್ರ ತೆಗೆದಿದ್ದರಿಂದ ಆ ಟೇಪು ಹಚ್ಚಿದ್ದು ಹಚ್ಚಿದಂತೆಯೇ ಇತ್ತು. ಅರ್ಚನಾ ಅದನ್ನು ಮೆಲ್ಲಗೆ ಬಿಡಿಸಿ, ಮಕ್ಕಳ ಬಾಯಿಹುಣ್ಣಿಗೆ ಹಚ್ಚುವ ನೇರಳೆ ಔಷಧದಲ್ಲಿ ಅದ್ದಿ, ನಲ್ಲಿಯ ಕೆಳಗೆ ತೊಳೆದಳು. ಅಂಟಿನ ಮೇಲೆ ಒಂದೇ ಒಂದು ಹೆಬ್ಬೆರಳು ಮೂಡಿತು. ಗೆರೆ ಒಡೆದ ಕಡೆ, ನಿಂತ ಕಡೆ, ಎಲ್ಲವನ್ನೂ ಶಾಲೆಯಲ್ಲಿ ತೆಗೆದುಕೊಂಡಿದ್ದ ಮಸಿ ಗುರುತುಗಳೊಡನೆ ಭೂತಗನ್ನಡಿಯಲ್ಲಿ ಹೋಲಿಸಿದಳು. ಹನ್ನೆರಡು ಗುರುತು ಹೊಂದಿದವು. ಅಧ್ಯಕ್ಷರ ಬಲಗೈ ಹೆಬ್ಬೆರಳು.

“ಸಭಾದಾಗ ನಾನೂ ಮುಟ್ಟೀನಲ್ಲ!” ಎಂದರು ಪಾಲಾಕ್ಷಪ್ಪ ಠಾಣೆಯಲ್ಲಿ.

“ಸಭೆಯಲ್ಲಿ ಮುಟ್ಟಿದ್ದು ಹೊರಗಡೆ, ಅಧ್ಯಕ್ಷರೇ. ಇದು ಅಂಟಿನ ಒಳಮೈ. ಹಚ್ಚಿದವರ ಬೆರಳಷ್ಟೇ ಅಲ್ಲಿಗೆ ಹೋಗುತ್ತೆ,” ಎಂದಳು ಅರ್ಚನಾ.

ಪಾಲಾಕ್ಷಪ್ಪ ಶಲ್ಯದಿಂದ ಮುಖ ಒರೆಸಿಕೊಂಡರು. ಕೊನೆಗೆ ಬಾಯಿಬಿಟ್ಟರು. ತಮ್ಮನ ಸೊಸೆಗೆ ಡಿಗ್ರಿ ಇಲ್ಲವೆಂದು ಅವಳನ್ನು ಟೀಚರ್ ಮಾಡಿಕೊಳ್ಳಲು ಗಂಗಾಂಬಿಕಾ ಒಪ್ಪಿರಲಿಲ್ಲ. “ಸುಮ್ಕ ಹೆದರಸಾಕ ಬರ್ದಿದ್ದೆ. ಕೊಲ್ಲಾಕ ನಾನೇನು ರಾಕ್ಷಸ ಏನ್ರಿ?”

ಅಲ್ಲ, ಎಂದುಕೊಂಡಳು ಅರ್ಚನಾ. ರಾಕ್ಷಸನಿಗೆ ಕೊಂಚ ಧೈರ್ಯವಾದರೂ ಇರುತ್ತದೆ.

ಪಾಲಾಕ್ಷಪ್ಪನ ಮೇಲೆ ಕೇಸಾಯಿತು. ಮಂಡಳಿಯವರು ಶೇಖಾವಲಿಯನ್ನು ಮತ್ತೆ ಕೆಲಸಕ್ಕೆ ಕರೆಸಿ, ಸಭೆ ಸೇರಿಸಿ, ಬಸ್ಸಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಹಾರ ಹಿಡಿದು ನಿಂತರು. ಹೇಳಿಕೆ ಪಡೆಯಲು ಶಾಲೆಗೆ ಬಂದಿದ್ದ ಪೊಲೀಸರ ಜೊತೆ ಅರ್ಚನಾ ಬಾಗಿಲಲ್ಲಿದ್ದಳು.

“ಹಾರ ಬ್ಯಾಡ್ರಿ,” ಎಂದ ಶೇಖಾವಲಿ. “ಅವತ್ತು ಇಲ್ಲೇ ಎಲ್ಲಾರೂ ನನ್ನ ಕೊಲೆಗಡಕ ಅಂದ್ರಿ. ಇವತ್ತು ಅಲ್ಲ ಅಂತ ಹೇಳ್ರಿ, ಸಾಕು.”

ಅಂದು ಗಂಟಲು ಹರಿಯುವಂತೆ ಕೂಗಿದ್ದವರೆಲ್ಲ ಫ್ಯಾನು ನೋಡಿದರು, ಮೊಬೈಲು ನೋಡಿದರು. ಎದ್ದು ನಿಂತವರು ಗಂಗಾಂಬಿಕಾ ಒಬ್ಬರೇ.

“ಶೇಖಾವಲಿ ತಪ್ಪು ಮಾಡಿಲ್ಲ. ಅವತ್ತು ನಾನೂ ಸುಮ್ನಿದ್ದೆ. ತಪ್ಪು ನಂದು.”

ಅವನು ತಲೆಯಾಡಿಸಿ ಬಸ್ಸಿನ ಕೀಲಿ ತೆಗೆದುಕೊಂಡ.