ಕುಬಸಕ್ಕೆ ಕತ್ತರಿಸಿದ ಫೋಟೋ

ರಟ್ಟಿಗೆ ಅಂಟಿಸಿದ ಫೋಟೋದ ಮೂಲೆ ಮತ್ತೆ ಎದ್ದಿದೆ, ಹೆಬ್ಬೆರಳಲ್ಲಿ ಒತ್ತುತ್ತೇನೆ, ಏಳುತ್ತದೆ, ಏಳಲಿ, ನನಗೇನು — ನನಗೇನು ಅಂದರೆ ಹೇಗೆ, ನಾಳೆ ವರ್ಷಾಳ ಕುಬಸ, ತುಂಬಿದ ಬಸುರಿ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತು ಇದನ್ನು ಕೊಯ್ದು ಮಾಡುವ ಒಗಟಿನ ಕಾರ್ಡಿನ ಚೂರುಗಳನ್ನು ಜೋಡಿಸಬೇಕು, ತನ್ನದೇ ಎಳೆಯ ಮುಖ ಮೂಡಿದ್ದು ನೋಡಿ ನಗಬೇಕು, ಆಮೇಲೆ ಮುತ್ತೈದೆಯರು ಬಳೆ ತೊಡಿಸಬೇಕು. ಕಾರ್ಡು ಪ್ರಿಯಂವದಾನ ಮಾಡ್ಲಿ, ಆಕಿ ಕೈಕೆಲಸ ಭಾಳ ಛಂದ, ಅಂತ ನನ್ನನ್ನು ತೋರಿಸಿ ಅಂದವರು ವೈನಿ, ನನ್ನ ಅಣ್ಣನ ಹೆಂಡತಿ ಸಾವಿತ್ರಿಬಾಯಿ, ವರ್ಷಾಳ ತಾಯಿ. ಅದೇ ಬಾಯಲ್ಲಿ ಬೆಳಿಗ್ಗೆ ಚಹಾ ಕೊಡುತ್ತ, ಬಳಿ ಇಡಸೂ ಹೊತ್ತಿಗೆ ನೀ ಒಳಗ ರೂಮಿನ್ಯಾಗ ಇರವಾ, ಬೀಗರ ಮಂದಿ ಬಂದಿರ್ತಾರ, ಶುಭಕಾರ್ಯ ನೋಡು. ಶುಭಕಾರ್ಯವಂತೆ. ಗಂಡ ಸತ್ತದ್ದು ಎದೆನೋವಿನಿಂದ, ನಾನೇನು ಕತ್ತು ಹಿಸುಕಿದೆನೇ? ನನ್ನ ಕೈ ಕಟರ್ ಹಿಡಿಯಲು ಬೇಕು, ಉಂಡಿ ಕಟ್ಟಲು ಬೇಕು, ಬಳೆ ತೊಡಿಸಲು ಮಾತ್ರ ಬೇಡ — ಒಗ್ಗರಣೆಯ ಕರಿಬೇವು, ಘಮ ಬಂತು, ಎತ್ತಿ ತಟ್ಟೆಯ ಅಂಚಿಗಿಡು. ಅಡುಗೆಮನೆಯಲ್ಲಿ ವೈನಿ ಅಡುಗೆಯವನಿಗೆ ಫೋನಿನಲ್ಲಿ ತೆಲುಗಿನಲ್ಲಿ ಜೋರು ಮಾಡುತ್ತಿದ್ದಾರೆ, ಕೆಳಗೆ ನೀರಿನ ಟ್ಯಾಂಕರು ಹಾರ್ನು ಹೊಡೆಯುತ್ತಿದೆ, ಈ ಮಣಿಕೊಂಡ ಬಡಾವಣೆಯಲ್ಲಿ ಒಬ್ಬರಿಗಾದರೂ ಬಾಯಿ ಮುಚ್ಚಲು ಬರುತ್ತದೆಯೇ, ನನಗೊಬ್ಬಳಿಗೆ ಬಿಟ್ಟು.

ಫೋಟೋ ನೋಡಿದರೆ ಮತ್ತೆ ಉರಿ. ನಾನು ಕೊಟ್ಟದ್ದು ಇಡೀ ಫೋಟೋ, ನಾನು ಕೂತಿದ್ದೇನೆ, ತೊಡೆಯ ಮೇಲೆ ಹಲ್ಲು ಬರುತ್ತಿದ್ದ ವರ್ಷಾ. ವೈನಿ ಅಬಿಡ್ಸಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ತಂದಾಗ ನನ್ನ ಮುಖವಿಲ್ಲ, ಹೆಗಲಿಲ್ಲ, ಮಗು ಮಾತ್ರ, ಮತ್ತೆ ಅದರ ಹೊಟ್ಟೆಯನ್ನು ಬಳಸಿ ಹಿಡಿದ ಎರಡು ಕೈ, ಕೈತುಂಬ ಹಸಿರು ಗಾಜಿನ ಬಳೆ, ಆಗ ನನ್ನವರು ಬದುಕಿದ್ದರು. ಕೈ ತೆಗೆಸಲು ವೈನಿಗೆ ಆಗಲಿಲ್ಲ ಪಾಪ. ಕೇಳಿದರೆ, ಕೂಸು ದೊಡ್ಡದಾಗಿ ಕಾಣ್ಲಿ ಅಂತ ಮಾಡಿಸೀನಿ. ಸುಳ್ಳು, ಹಸೀ ಸುಳ್ಳು. ಆದರೆ ವರ್ಷಾ ಹಾಗಲ್ಲ, ಓದಿದವಳು, ಗಚ್ಚಿಬೌಲಿಯ ಆಫೀಸಿನಲ್ಲಿ ಹತ್ತು ಜನಕ್ಕೆ ಹೇಳುವವಳು, ತಾಯಿ ಕಚೇರಿಗೆ ಹೋದರೆ ಅತ್ತಿ ಅತ್ತಿ ಎಂದು ನನ್ನ ಸೆರಗು ಹಿಡಿದೇ ದೊಡ್ಡವಳಾದವಳು, ಮೊದಲ ಬಳಿ ಅತ್ತೀನ ಇಡಸ್ಬೇಕು ಅನ್ನುತ್ತಾಳೆ — ಎಂದುಕೊಳ್ಳುತ್ತಲೇ ರಟ್ಟಿನ ಬೆನ್ನ ಮೇಲೆ ಡೊಂಕು ಗೆರೆ ಎಳೆಯುತ್ತಿದ್ದೆ, ಫೋನು ಬಂತು, ಅವಳೇ. ಅತ್ತಿ, ಅವ್ವ ಹೇಳಿದ್ಲಲ್ಲ, ಒಂದ್ ತಾಸು ಒಳಗ ಇದ್ದುಬಿಡು, ನನ್ನ ಸಲುವಾಗಿ. ನಾನು ಏನಂದೆ? ಆತವಾ ಅಂದೆ. ನನ್ನ ನಾಲಿಗೆಗೆ ಬೆಂಕಿ ಬೀಳ.

ಆಮೇಲೆ ಕೊಯ್ದೆ, ಬೆನ್ನಿಂದ ಕೊಯ್ಯುವಾಗ ಮುಂದೆ ಏನು ತುಂಡಾಗುತ್ತಿದೆ ಕಾಣುವುದಿಲ್ಲ, ಸಿಟ್ಟಿನಲ್ಲಿ ಮೇಜಿಗೂ ಗೀರು ಬಿತ್ತು, ಬೀಳಲಿ. ತಿರುವಿ ಜೋಡಿಸಿ ನೋಡಿದರೆ ಎರಡೂ ಕೈ ಒಂದೇ ಚೂರಿನಲ್ಲಿ ಇಡಿಯಾಗಿ ಬಂದಿವೆ. ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ನಾನು ಒಳಗಿದ್ದರೆ ಇವೂ ಒಳಗೆ, ನಾಳೆ ಮಂದಿಯ ಮುಂದೆ ಹುಡುಕಲಿ, ಒಂದು ಚೂರು ಕಡಿಮೆ ಐತಲ್ಲ ಅತ್ತಿ ಅಂತ ನನ್ನ ರೂಮಿನ ಬಾಗಿಲಿಗೇ ಬರಲಿ, ಆಗ ಹೇಳುತ್ತೇನೆ — ಮೇಜಿನ ಮೇಲೆ ಕಣ್ಣು ಬಿತ್ತು, ಮಗುವಿನ ಹೊಟ್ಟೆಯಲ್ಲಿ ತೂತು. ಥೂ, ಬಸುರಿಗೆ ಕೊಡುವ ಕಾರ್ಡು, ಬಿಡ್ತು ಅನ್ನು, ಪ್ರಿಯಂವದಾ, ಬಿಡ್ತು ಅನ್ನು. ಇಟ್ಟೆ. ಸರಿಯಾಗಿ ಕೂತಿತು, ಹಾಗೆ ಸರಿಯಾಗಿ ಕೂತದ್ದಕ್ಕೇ ಮೈ ಉರಿದು ಮತ್ತೆ ತೆಗೆದೆ. ತೂತು. ಇಡುತ್ತೇನೆ, ಹಸಿರು ಬಳೆಯ ಕೈ. ತೆಗೆಯುತ್ತೇನೆ, ತೂತು. ಇಡುತ್ತೇನೆ, ಕೈ, ಎರಡು ಕೈ, ಮಗುವನ್ನು ಬಿಡದೆ ಹಿಡಿದಿವೆ.