ವಿರೋಧ ಪಕ್ಷದ ಸಾಲಿನ ಮೈಕು

ನಾನು ಒಂದು ಮೈಕು. ಮದುವೆ ಮಂಟಪದಲ್ಲಿ ಕಿರುಚುವ ಜಾತಿಯವನಲ್ಲ, ವಿಧಾನಸಭೆಯ ಮೈಕು. ಹುಟ್ಟಿದ್ದು ಊರಾಚೆಯ ಒಂದು ಕಾರ್ಖಾನೆಯಲ್ಲಿ. ಒಬ್ಬ ಹೆಣ್ಣುಮಗಳು ನನ್ನ ಬಾಗುವ ಕತ್ತಿನೊಳಗೆ ತಂತಿ ಪೋಣಿಸಿ, ತಲೆಗೆ ಜಾಲರಿ ತೊಡಿಸಿ, ಒಂದು ಕೆಂಪು ದೀಪ ಕೂರಿಸಿದಳು. ಆಮೇಲೆ ಬಾಯಿ ಹತ್ತಿರ ತಂದು, "ಹಲೋ, ಹಲೋ, ಊಟ ಆಯ್ತಾ?" ಎಂದು ಕೇಳಿದಳು. ನಾನು ಕೇಳಿದ ಮೊದಲ ಮಾತು ಅದು. ಅಷ್ಟು ಅಕ್ಕರೆಯಿಂದ ಮುಂದೆ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ನನ್ನನ್ನು ತಂದು ವಿರೋಧ ಪಕ್ಷದ ಹಿಂದಿನ ಸಾಲಿನ ಒಂದು ಮೇಜಿಗೆ ತಿರುಪು ಹಾಕಿ ಬಿಗಿದರು. ನಮ್ಮ ಕಷ್ಟ ಹೊರಗಿನವರಿಗೆ ತಿಳಿಯದು. ಸಭಾಧ್ಯಕ್ಷರು ಸದಸ್ಯರ ಹೆಸರು ಕರೆಯಬೇಕು, ಗಾಜಿನ ಕೋಣೆಯಲ್ಲಿ ಕೂತವನು ಗುಂಡಿ ಒತ್ತಬೇಕು, ಆಗಲೇ ನನ್ನ ದೀಪ ಹೊತ್ತುತ್ತದೆ. ದೀಪವಿದ್ದಾಗ ಆಡಿದ ಮಾತು ಸದನಕ್ಕೆಲ್ಲ ಕೇಳಿಸಿ ಕಡತಕ್ಕೆ ಹೋಗುತ್ತದೆ. ಇಲ್ಲದಾಗ ಗಂಟಲು ಹರಿದುಕೊಂಡರೂ ಅದು ಆಡಿದ ಮಾತೇ ಅಲ್ಲ.

ನನ್ನ ಮೊದಲ ಯಜಮಾನರು ನಿದ್ದೆಗೆ ಹೆಸರಾದವರು. ಒಮ್ಮೆ ಗಾಜಿನ ಕೋಣೆಯವನು ದೀಪ ಆರಿಸಲು ಮರೆತದ್ದರಿಂದ ಅವರ ಗೊರಕೆ ಬಜೆಟ್ ಭಾಷಣದ ನಡುವೆ ಸದನಕ್ಕೆಲ್ಲ ಕೇಳಿತ್ತು. ಎರಡನೆಯವರು ಬೆಂಕಿಯಂಥ ಮಾತುಗಾರರು. ಸರ್ಕಾರದ ಜನ್ಮ ಜಾಲಾಡುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಎದುರು ಸಾಲಿನಲ್ಲಿ, ಮಂತ್ರಿಗಳ ಪಕ್ಕದಲ್ಲಿ ಕೂತು ನಗುತ್ತಿದ್ದರು. ನನಗೆ ಮಾತಿನ ಮೇಲೆಯೇ ಜುಗುಪ್ಸೆ ಬಂದುಬಿಟ್ಟಿತು.

ಆಮೇಲೆ ಬಂದವರು ಭೀಮಶಿ ತಳವಾರ. ಮೊದಲು ಶಾಲಾ ಮಾಸ್ತರರಾಗಿದ್ದವರು, ಮುಳ್ಳೂರು ಕ್ಷೇತ್ರದಿಂದ ಗೆದ್ದವರು. ಸೀಟಿಗೆ ಬಂದೊಡನೆ ಕರವಸ್ತ್ರದಿಂದ ನನ್ನ ಮುಖ ಒರೆಸುತ್ತಿದ್ದರು. ಸಣ್ಣ ದನಿ, ಆದರೆ ಅಳುಕಿಲ್ಲದ ದನಿ.

ಅವರ ಊರಿನ ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿನ ಛಾವಣಿ, ಉದ್ಘಾಟನೆಯಾದ ವರ್ಷವೇ ಕುಸಿದುಬಿತ್ತು. ಒಬ್ಬ ಹುಡುಗಿ ಸತ್ತಳು. ಕಟ್ಟಿದ ಗುತ್ತಿಗೆದಾರ ಇಲಾಖೆಯ ಮಂತ್ರಿಗಳ ಭಾವಮೈದುನ. ತಳವಾರರು ಆ ವಿಷಯದ ಚರ್ಚೆಗಾಗಿ ಹಟ ಹಿಡಿದು ಅಲೆದರು. ಅಧಿವೇಶನ ಮುಗಿಯುವ ಹಿಂದಿನ ದಿನ ಕೊನೆಗೂ ಅವಕಾಶ ಸಿಕ್ಕಿತು.

ನನ್ನ ದೀಪ ಹೊತ್ತಿತು. ತಳವಾರರು ಜೇಬಿನಿಂದ ಆ ಛಾವಣಿಯ ಒಂದು ಚೂರು ತೆಗೆದು ಬೆರಳಲ್ಲಿ ಹಿಸುಕಿದರು. ಪುಡಿ ನನ್ನ ಮೈಮೇಲೆ ಉದುರಿತು.

"ಅಧ್ಯಕ್ಷರ, ಇದಕ್ಕ ಸಿಮೆಂಟ್ ಅಂತಾರ್ರೀ. ಕೈಯಾಗ ಹಿಡದರ ಹಿಟ್ಟಾಗತೈತಿ. ಇದರ ಕೆಳಗ ನಮ್ಮ ಹೆಣ್ಣುಮಕ್ಕಳನ್ನ ಮಲಗಿಸ್ಯಾರ. ಬಿಲ್ ಪಾಸ್ ಮಾಡಿದವರು ಯಾರು? ಮಂತ್ರಿಗಳು ಅಷ್ಟ ಹೇಳಲಿ."

ಸದನದಲ್ಲಿ ವಸ್ತು ಪ್ರದರ್ಶಿಸಬಾರದೆಂದು ಸಭಾಧ್ಯಕ್ಷರು ಗದರಿದರು. ಮಂತ್ರಿಗಳು ಬೆವರೊರೆಸಿಕೊಂಡು, "ನಾಳೆ ಉತ್ತರ ಕೊಡ್ತೀನಿ" ಅಂದರು.

"ನಾಳೆ ಆ ಕೂಸಿನ ತಾಯಿನೂ ಬರ್ತಾಳ್ರೀ," ಅಂದರು ತಳವಾರರು. "ಸತ್ತಾಕಿ ಹೆಸರು ಆಕಿ ಮುಂದನ ಹೇಳ್ತೀನಿ. ಕಡತದಾಗ ಕಾಯಂ ಉಳೀಲಿ."

ಆ ದಿನ ನಾನು ಮೈಕಾಗಿ ಹುಟ್ಟಿದ್ದಕ್ಕೆ ಹೆಮ್ಮೆಪಟ್ಟೆ.

ಮರುದಿನ ಪ್ರೇಕ್ಷಕರ ಗ್ಯಾಲರಿಯಲ್ಲಿ, ಸತ್ತ ಹುಡುಗಿಯ ತಾಯಿ ಫಕೀರವ್ವ ತಲೆತುಂಬ ಸೆರಗು ಹೊದ್ದು ಕೂತಿದ್ದಳು. ತಳವಾರರು ಅವಳತ್ತ ನೋಡಿ ಕೈಮುಗಿದರು. ಅಷ್ಟರಲ್ಲಿ ಆಡಳಿತ ಪಕ್ಷದವರೊಬ್ಬರು ವಿರೋಧ ಪಕ್ಷದ ನಾಯಕರನ್ನು ಏನೋ ಹೀನಾಯವಾಗಿ ಅಂದುಬಿಟ್ಟರು. ಬೇಕೆಂದೇ ಅಂದರೆಂದು ನನ್ನ ಗುಮಾನಿ. ನಮ್ಮ ಸಾಲಿಗೆ ಸಾಲೇ ಎದ್ದು ಬಾವಿಗೆ ನುಗ್ಗಿತು. ಸಭಾಧ್ಯಕ್ಷರ ಪೀಠದ ಮುಂದಿನ ಖಾಲಿ ಜಾಗಕ್ಕೆ ಇಲ್ಲಿ ಬಾವಿ ಅನ್ನುತ್ತಾರೆ. ಅಲ್ಲಿ ಮೈಕಿಲ್ಲ, ಬರೀ ಘೋಷಣೆ.

ತಳವಾರರು ಸೀಟು ಬಿಡಲಿಲ್ಲ. ಪಕ್ಕದ ಸೀಟಿನ ಪುಟ್ಟಮಾದಯ್ಯನವರು ಅವರ ತೋಳು ಹಿಡಿದೆಳೆದರು.

"ಬನ್ರೀ ಮೇಷ್ಟ್ರೇ! ನಾಯಕರಿಗೆ ಅವಮಾನ ಆಗೈತೆ, ನೀವಿಲ್ಲಿ ಕುಂತಿದ್ರೆ ಆ ಕಡೆಯೋರಿಗೆ ಮಾರಿಕೊಂಡವ್ರೆ ಅಂತಾರೆ. ಮುಂದಿನ ಸಲ ಟಿಕೆಟ್ ಬೇಡವಾ?"

"ನನ್ನ ವಿಷಯ ಐತ್ರೀ ಇವತ್ತು..."

"ಐದು ನಿಮಿಷ ಕೂಗಿ ಬಂದುಬಿಡಾನ, ಬನ್ನಿ."

ಅವರು ಹೋದರು. ಹೋಗಬಾರದಿತ್ತು ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ!

ಆ ಗದ್ದಲದ ನಡುವೆ ಸಭಾಧ್ಯಕ್ಷರು ತಣ್ಣಗೆ ಹೇಳಿದರು: "ಮಾನ್ಯ ತಳವಾರ್ ಅವರ ವಿಷಯ ಇದೆ. ತಮ್ಮ ಸ್ಥಾನಕ್ಕೆ ಹೋಗಿ ಮಾತಾಡಬಹುದು."

ನನ್ನ ದೀಪ ಹೊತ್ತಿತು. ಎದುರಿಗೆ ಯಾರೂ ಇಲ್ಲ.

ತಳವಾರರು ತಿರುಗಿ ನನ್ನನ್ನು ನೋಡಿದರು. ಒಂದು ಹೆಜ್ಜೆ ಇಟ್ಟರು ಕೂಡ. ನಾಯಕರು ಹಿಂದಿನಿಂದ ಅವರ ಹೆಗಲ ಮೇಲೆ ಕೈ ಹಾಕಿದರು. ಮಾಸ್ತರರು ನಿಂತಲ್ಲೇ ನಿಂತು, ಗ್ಯಾಲರಿ ಕಡೆ ಮುಖವೆತ್ತಿ ಏನೋ ಕೂಗಿದರು. ಬಾಯಿ ಆಡಿದ್ದು ಕಂಡಿತು, ಮಾತು ನನ್ನವರೆಗೂ ಬರಲಿಲ್ಲ.

"ಸದಸ್ಯರು ಸ್ಥಾನದಲ್ಲಿಲ್ಲ. ಮಂತ್ರಿಗಳು ಉತ್ತರ ಕೊಟ್ಟಂತೆ ಭಾವಿಸಲಾಗಿದೆ. ಸದನವನ್ನು ಅನಿರ್ದಿಷ್ಟ ಕಾಲ ಮುಂದೂಡಲಾಗಿದೆ."

ದೀಪ ಆರಿತು. ಮಂತ್ರಿಗಳು ಎದುರು ಸಾಲಿನಲ್ಲಿ ಕೋಟಿನ ಗುಂಡಿ ಹಾಕಿಕೊಂಡು ಎದ್ದರು.

ಎಲ್ಲರೂ ಹೋದ ಮೇಲೆ ತಳವಾರರು ಬಂದು ನನ್ನ ಮುಂದೆ ಕುಸಿದು ಕೂತರು. ಮಾರ್ಷಲ್ ಹೊರಗೆ ಕರೆಯುತ್ತಿದ್ದರೂ ಫಕೀರವ್ವ ಗ್ಯಾಲರಿಯ ಕಟಕಟೆ ಹಿಡಿದು ಬಗ್ಗಿ ಕೇಳಿದಳು.

"ಸಾಹೇಬ್ರ, ಗದ್ದಲದಾಗ ನನಗ ಕೇಳಸಲಿಲ್ರೀ. ನಮ್ಮ ಕಸ್ತೂರಿ ಹೆಸರು ಹೇಳಿದ್ರಿಲ್ಲ?"

ಅವರು ನನ್ನತ್ತ ನೋಡಿದರು. "ಹೇಳೀನಿ, ತಂಗಿ," ಅಂದರು.

ಆ ತಾಯಿ ಕೈಮುಗಿದಳು. ನನಗೆ ಅಳು ಬರುವಂತಿದ್ದರೆ ಅತ್ತುಬಿಡುತ್ತಿದ್ದೆ.

ಮುಂದಿನ ಚುನಾವಣೆಯಲ್ಲಿ ತಳವಾರರಿಗೆ ಟಿಕೆಟ್ ಸಿಗಲಿಲ್ಲ. ಆ ಮಂತ್ರಿಗಳು ಪಕ್ಷ ಬದಲಿಸಿ, ಗೆದ್ದು, ಮತ್ತೆ ಮಂತ್ರಿಯಾದರು. ಸದನಕ್ಕೆ ಹೊಸ ಮಾದರಿಯ ಮೈಕುಗಳು ಬಂದವು. ಈಗ ನಾನು ನೆಲಮಾಳಿಗೆಯ ಉಗ್ರಾಣದಲ್ಲಿ, ಮುರಿದ ಕುರ್ಚಿಗಳ ನಡುವೆ, ಕತ್ತು ಸೊಟ್ಟಗಾಗಿ ಬಿದ್ದಿದ್ದೇನೆ. ನನ್ನ ಮೂಲಕ ಸಾವಿರ ಸುಳ್ಳುಗಳು ಕಡತಕ್ಕೆ ಹೋಗಿವೆ. ಯಾವುದನ್ನೂ ತಡೆಯುವ ಶಕ್ತಿ ನನಗಿರಲಿಲ್ಲ. ಕಸ್ತೂರಿ ಅನ್ನುವ ಮೂರಕ್ಷರ ಮಾತ್ರ ಹೋಗಲಿಲ್ಲ. ಆ ದಿನ ದೀಪ ಹೊತ್ತಿಸಿಕೊಂಡು ನಾನು ಅದಕ್ಕಾಗಿಯೇ ಕಾದಿದ್ದೆ.