ಸಮುದ್ರಕ್ಕೆ ಹೋದ ಅಕ್ಕ

ಲಾಡ್ಜಿನ ಮೆಟ್ಟಿಲ ತಿರುವು ಎಷ್ಟು ಕಿರಿದಾಗಿತ್ತೆಂದರೆ, ಅಕ್ಕನನ್ನು ಹೊತ್ತು ಇಳಿಯುತ್ತಿದ್ದವರು ಅಲ್ಲಿ ಸಿಕ್ಕಿಹಾಕಿಕೊಂಡರು.

"ಸ್ವಲ್ಪ ಮೇಲೆತ್ತಿ, ಅವರ ತಲೆ ಗೋಡೆಗೆ ತಾಗತ್ತೆ," ಎಂದರು ಮುಂದಿದ್ದ ಲಾಂಡ್ರಿಯವರು. ಅವರ ಅಂಗಡಿಯ ಹಿಂಬದಿಯಲ್ಲಿ ಕೂತು ಇಪ್ಪತ್ತು ವರ್ಷ ಗಿರಾಕಿಗಳ ಅಂಗಿಗೆ ಗುಂಡಿ ಹೊಲಿದವಳು ಅಕ್ಕ. ಅಲ್ಲಿ ಎಲ್ಲರಿಗೂ ಅವಳು ಗುಂಡಿಯಕ್ಕ.

ತಂಗಿ ಕೆಳಗೆ ಅಕ್ಕನ ಚಪ್ಪಲಿ ಹಿಡಿದು ನಿಂತಿದ್ದಳು. ಅಳು ಇನ್ನೂ ಬಂದಿರಲಿಲ್ಲ. ಈ ಬೆಳಿಗ್ಗೆ ಲಾಡ್ಜಿನಿಂದ ಸುದ್ದಿ ತಿಳಿದ ಲಾಂಡ್ರಿಯವರು ಬಂದು ಬಾಗಿಲು ಬಡಿಯುವವರೆಗೂ ಅಕ್ಕ ಒಂದು ಹಗಲಿನ ಪ್ರಯಾಣದಷ್ಟು ದೂರ, ಸಮುದ್ರದ ದಡದಲ್ಲಿ ಇದ್ದಾಳೆಂದೇ ಅವಳು ನಂಬಿದ್ದಳು. ಈ ಲಾಡ್ಜಿಗೂ ಅಪ್ಪನ ಮನೆಗೂ ನಡುವೆ ಇದ್ದದ್ದು ಎರಡು ಬೀದಿ.

ನಿದ್ದೆಯಲ್ಲೇ ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಚಿಕ್ಕಮ್ಮನಿಗೆ ಅಷ್ಟು ಸಾಲಲಿಲ್ಲ. ತಂಗಿಯ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು.

"ಒಬ್ಬಳೇ ಇದ್ಲಾ?"

"ಒಬ್ಬಳೇ ಅಂತೆ."

"ಮನೆ ಇಲ್ಲೇ ಇಟ್ಕೊಂಡು ಲಾಡ್ಜಲ್ಲಿ ಒಬ್ಬಳೇ ಏನು ಮಾಡ್ತಿದ್ಲು? ನಾನು ಕೇಳ್ತಿಲ್ಲಮ್ಮ. ನಾಳೆ ನಾಲ್ಕು ಜನ ಕೇಳ್ತಾರೆ."

*

ಹನ್ನೊಂದು ವರ್ಷದಿಂದ ಅದೊಂದು ಏರ್ಪಾಡು ನಡೆದುಬಂದಿತ್ತು. ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅಕ್ಕ ಅರ್ಧ ದಿನ ಲಾಂಡ್ರಿ, ಉಳಿದ ಹೊತ್ತೆಲ್ಲ ಅಪ್ಪ ಎಂದು ಬದುಕನ್ನು ಮಡಚಿಟ್ಟುಕೊಂಡಿದ್ದಳು. ವರ್ಷಕ್ಕೊಂದು ವಾರ ಮಾತ್ರ ತಂಗಿಯ ಪಾಳಿ. ತಾನು ಕೆಲಸ ಮಾಡುವ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೇಗೋ ರಜೆ ಹೇಳಿ, ಇಡೀ ರಾತ್ರಿ ರೈಲಿನಲ್ಲಿ ಕೂತು ಬರುತ್ತಿದ್ದಳು.

ಅಕ್ಕ ಬ್ಯಾಗು ಹಿಡಿದು ಪ್ಲಾಟ್‌ಫಾರಂನಲ್ಲೇ ಕಾದಿರುತ್ತಿದ್ದಳು. ಮನೆಯ ಬೀಗದ ಕೈ ಅಲ್ಲೇ ಕೈಯಿಂದ ಕೈಗೆ.

"ನೀನು ಬೇಗ ಹೋಗು, ಅಪ್ಪ ಒಬ್ಬರೇ ಇದಾರೆ. ನನ್ನ ಗಾಡಿ ಬರೋಕೆ ಇನ್ನೂ ಅರ್ಧ ಗಂಟೆ ಇದೆ."

ಅಕ್ಕ ಗಾಡಿ ಹತ್ತಿದ್ದನ್ನು ತಂಗಿ ಒಮ್ಮೆಯೂ ನೋಡಿರಲಿಲ್ಲ. ಆಮೇಲಿನ ಏಳು ದಿನ ಅವಳಿಗೆ ಒಂದು ಹಜಾರ, ಒಂದು ಮಂಚ, ಒಂದು ಸೀಟಿ. ಅಪ್ಪ ಬಸ್ಸಿನ ಕಂಡಕ್ಟರಾಗಿದ್ದವರು. ಆ ಹಳೇ ಸೀಟಿಯನ್ನು ಈಗಲೂ ಕೊರಳಿಗೆ ಹಾಕಿಕೊಂಡಿದ್ದರು. ಒಂದು ಸಲ ಊದಿದರೆ ಬಾ ಎಂದರ್ಥ. ನೀರಿಗೆ, ದಿಂಬಿಗೆ, ಕೆಲವು ಸಲ ಯಾರಾದರೂ ಇದ್ದಾರೋ ಇಲ್ಲವೋ ಎಂದು ನೋಡುವುದಕ್ಕೆ. ಕೆಟ್ಟ ಮನುಷ್ಯನಲ್ಲ, ಹೆದರಿದ ಮನುಷ್ಯ. ಮೂರನೇ ದಿನಕ್ಕೆ ತಂಗಿಗೆ ಉಸಿರು ಕಟ್ಟುತ್ತಿತ್ತು. ಗಂಡನಿಗೆ ಫೋನು ಮಾಡಿ, "ಅವಳಿಗೆ ಸಮುದ್ರ, ನನಗೆ ಬೆಡ್‌ಪ್ಯಾನು," ಎಂದು ಗೊಣಗುತ್ತಿದ್ದಳು.

ಶನಿವಾರ ಅಕ್ಕ ಮುಖ ತುಂಬಿಕೊಂಡು ವಾಪಸಾಗುತ್ತಿದ್ದಳು.

"ಅಲೆ ಹೇಗಿತ್ತು?"

"ಬರ್ತಿತ್ತು, ಹೋಗ್ತಿತ್ತು."

ಅಷ್ಟೇ ಅವಳ ಪ್ರವಾಸಕಥನ.

*

ಅಕ್ಕನನ್ನು ಹಜಾರದಲ್ಲಿ ಮಲಗಿಸಿದರು. ಅಪ್ಪನ ಗಾಲಿಕುರ್ಚಿಯನ್ನು ಹತ್ತಿರ ತಳ್ಳಿದರು. ಅವರು ಬಹಳ ಹೊತ್ತು ಮಗಳ ಪಾದವನ್ನೇ ನೋಡಿದರು.

"ಸಮುದ್ರದಿಂದ ಇಷ್ಟು ಬೇಗ ಹೇಗೆ ಕರ್ಕೊಂಡು ಬಂದ್ರಿ?"

ಚಿಕ್ಕಮ್ಮ ಬಾಯಿ ತೆರೆಯುವುದನ್ನು ಕಂಡು ತಂಗಿಯೇ ಮುಂದಾದಳು.

"ವ್ಯಾನಲ್ಲಿ, ಅಪ್ಪ. ದಾರಿ ಖಾಲಿ ಇತ್ತು."

"ಸಮುದ್ರ ನೋಡಿದ್ಲಾ?"

"ನೋಡಿದ್ಲು."

"ಅದೊಂದು ಆಸೆ ಇತ್ತು ಅವಳಿಗೆ," ಎಂದು ಅಪ್ಪ ತಲೆಯಾಡಿಸಿದರು. ಆಮೇಲೆ ಕೇಳಿದರು, "ನೀನು ಶನಿವಾರ ಹೊರಡ್ತೀಯಾ?"

ಹಜಾರದಲ್ಲಿದ್ದ ಕಣ್ಣುಗಳೆಲ್ಲ ತಂಗಿಯತ್ತ ಹೊರಳಿದವು.

"ಎಲ್ಲಿ ಹೋಗ್ತಾಳೆ ಭಾವ, ನೀವು ಸುಮ್ನಿರಿ," ಎಂದಳು ಚಿಕ್ಕಮ್ಮ. "ಮಕ್ಕಳು ದೊಡ್ಡವರಾದ್ರು. ಗಂಡನಿಗೆ ಅನ್ನ ಬೇಯಿಸೋಕೆ ಬರತ್ತೆ. ಹೆತ್ತ ಅಪ್ಪನ್ನ ಬಿಟ್ಟು ಹೋಗೋಳಲ್ಲ ಇವಳು."

ತಂಗಿ ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಅವಳು ಏನೂ ಹೇಳದ್ದನ್ನೇ ಎಲ್ಲರೂ ಒಪ್ಪಿಗೆ ಎಂದು ತಿಳಿದು ನಿರಾಳವಾದರು. ಲಾಂಡ್ರಿಯವರು ಮಾತ್ರ ನೆಲ ನೋಡುತ್ತಿದ್ದರು.

ಅಕ್ಕನನ್ನು ಮಣ್ಣಿಗೆ ಒಯ್ಯಲು ವ್ಯಾನಿಗೆ ಏರಿಸಿ ಬಾಗಿಲು ಮುಚ್ಚಿದಾಗ ಮನೆಯ ಕಿಟಕಿಯಿಂದ ಸೀಟಿ ಕೇಳಿಸಿತು. ಎರಡು ಸಲ. ಅಭ್ಯಾಸಬಲದಿಂದ ತಿರುಗಿ ಓಡಲಿದ್ದ ತಂಗಿಗೆ ಆಮೇಲೆ ಹೊಳೆಯಿತು: ಎರಡು ಸಲ ಊದಿದರೆ ಬಸ್ಸು ಹೊರಡಬಹುದು ಎಂದರ್ಥ. ಈ ಮನೆಯಲ್ಲಿ ಅಪ್ಪ ಹಾಗೆ ಊದಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಆಗ ಅವಳಿಗೆ ಅಳು ಬಂತು.

*

ಮಣ್ಣು ಮಾಡಿ ಬಂದ ಮೇಲೆ, ಅಕ್ಕನ ಬ್ಯಾಗು ತರುತ್ತೇನೆಂದು ಹೇಳಿ ತಂಗಿ ಲಾಡ್ಜಿಗೆ ಹೋದಳು. ಆಗ ಮೂರು ಗಂಟೆ. ಕೋಣೆ ಗುಡಿಸುವ ಹೆಂಗಸು ಅವಳನ್ನು ಮೇಲೆ ಕರೆದೊಯ್ದಳು. ಹಿಂಬದಿಯ ಕೋಣೆ. ಒಂದು ಮಂಚ, ಒಂದು ಕುರ್ಚಿ, ಹೂಜಿಯಲ್ಲಿ ನೀರು.

"ಯಾರಾದರೂ ಬರ್ತಿದ್ರಾ ಅವಳನ್ನ ನೋಡೋಕೆ?" ಕೇಳಿದ ಮೇಲೆ ತಂಗಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

"ಯಾರೂ ಇಲ್ಲ ತಾಯಿ. ಮಲಗ್ತಿದ್ರು. ಹೊತ್ತಿಗೆ ಸರಿಯಾಗಿ ನಾನು ಟೀ, ಊಟ ತಂದಿಡ್ತಿದ್ದೆ. ತಿಂದು ಮತ್ತೆ ಮಲಗ್ತಿದ್ರು. ಮೊದಲನೇ ವರ್ಷ ನಾನೂ ಹೆದರಿಕೊಂಡೆ, ಏನು ಹಿಂಗೆ ನಿದ್ದೆ ಮಾಡ್ತಾರೆ ಅಂತ."

"ಮನೆಯಲ್ಲಿ ಹೇಳಬಹುದಿತ್ತಲ್ಲ."

"ನಾನೂ ಅದನ್ನೇ ಕೇಳ್ದೆ. ಸಮುದ್ರಕ್ಕೆ ಹೋಗ್ತೀನಿ ಅಂದ್ರೆ ಕಳಿಸಿಕೊಡ್ತಾರೆ, ಸುಮ್ನೆ ಮಲಗ್ತೀನಿ ಅಂದ್ರೆ ಯಾರು ಬಿಡ್ತಾರೆ ಅಂದ್ರು."

ತಂಗಿ ಬ್ಯಾಗಿನ ಜಿಪ್ಪು ಎಳೆದಳು. ಎರಡು ಸೀರೆ, ಒಂದು ನೈಟಿ. ಅಷ್ಟೇ.

"ಒಂದೇ ಒಂದು ಕೇಳಿದ್ರು ನೋಡಿ, ಹನ್ನೊಂದು ವರ್ಷದಲ್ಲಿ," ಎಂದು ಹೆಂಗಸು ಬಾಗಿಲು ತೋರಿಸಿದಳು. "ಈ ಚಿಲಕ ಸಡಿಲ ಇತ್ತು. ಗಟ್ಟಿ ಚಿಲಕ ಹಾಕಿಸಿಕೊಡಿ ಅಂದ್ರು. ಇವತ್ತು ಬೆಳಿಗ್ಗೆ ಟೀ ತಂದಾಗ ನಾನು ವರಾಂಡದ ಕಿಟಕಿಯಿಂದ ಕೈ ಹಾಕಿ ತೆಗೀಬೇಕಾಯ್ತು."

ಅಪ್ಪನ ಮನೆಯಲ್ಲಿ ಯಾವ ಬಾಗಿಲಿಗೂ ಒಳಚಿಲಕವಿರಲಿಲ್ಲ. ಬಚ್ಚಲಿಗೂ ಇರಲಿಲ್ಲ. ತಾವು ಬಿದ್ದ ಮರುದಿನವೇ ಅಪ್ಪ ಎಲ್ಲವನ್ನೂ ಕೀಳಿಸಿದ್ದರು.

"ಶನಿವಾರದವರೆಗೆ ಕೋಣೆ ಅವರ ಹೆಸರಲ್ಲೇ ಇದೆ," ಎಂದು ಹೆಂಗಸು ಹೊರಗೆ ಹೋದಳು.

ತಂಗಿ ಬಾಗಿಲು ಮುಂದೆ ಮಾಡಿದಳು. ಚಿಲಕ ಎಳೆದಳು. ಅದು ಒಂದೇ ಏಟಿಗೆ ಕೂತಿತು. ಕೈ ತೆಗೆಯದೆ, ಹಣೆಯನ್ನು ಬಾಗಿಲಿಗೆ ಆನಿಸಿ ನಿಂತಳು.